ನೂರು ರೂಪಾಯಿಗೆ ಹದಿನಾಲ್ಕಾಣೆ: ಚಂದಾ ದುಡ್ಡಿನ ಒಂದು ಹಳೇ ಲೆಕ್ಕ

ಪೋಸ್ಟ್ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಎರಡು ವಾರದಿಂದ ನಮ್ಮ ಗುಂಪುಗಳಲ್ಲಿ ಎನ್‌ಜಿಒ ದುಡ್ಡಿನ ಜಗಳ ನಡೀತಾ ಇದೆ. ಒಬ್ಬರು ಯಾವುದೋ ಸಂಸ್ಥೆಯ ವಾರ್ಷಿಕ ವರದಿಯ ಪುಟ ಹಾಕಿ, ದಲಿತರ ಹೆಸರಲ್ಲಿ ಬಂದ ದುಡ್ಡೆಲ್ಲ ಹೋಟೆಲ್ ಕಾರ್ಯಾಗಾರಕ್ಕೆ ಹೋಗಿದೆ ಅಂದರು. ಇನ್ನೊಬ್ಬರು, ಆಡಿಟ್ ಆಗಿದೆ, ಬಿಲ್ ಇದೆ, ಕದ್ದಿದ್ದಾರೆ ಅಂತ ತೋರಿಸಿ ನೋಡೋಣ ಅಂತ ಸವಾಲು ಹಾಕಿದರು. ಆಮೇಲೆ ಬೈದಾಟ, ಬ್ಲಾಕು. ನಾನು ಅದಕ್ಕೆ ಇಳಿಯಲ್ಲ. ಆದರೆ ಈ ಎರಡು ಮಾತೂ ನೂರು ವರ್ಷ ಹಳೆಯವು. ನಮ್ಮ ಹೆಸರಿನ ಚಂದಾ ದುಡ್ಡಿನ ಮೇಲೆ ಈ ದೇಶದಲ್ಲಿ ನಡೆದ ಮೊದಲ ದೊಡ್ಡ ವಾದವನ್ನು ಬಾಬಾಸಾಹೇಬರೇ ಅಂಕಿ ಸಮೇತ ಬರೆದಿಟ್ಟಿದ್ದಾರೆ. 1945ರಲ್ಲಿ ಬಂದ ಪುಸ್ತಕ, 'ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು'. ಪೂನಾ ಒಪ್ಪಂದದ ಭಾಗವನ್ನು ಎಲ್ಲರೂ ಓದಿರ್ತೀವಿ. ಅದಕ್ಕೂ ಹಿಂದಿನ ಲೆಕ್ಕಪತ್ರದ ಪುಟಗಳನ್ನು ಹಾರಿಸಿಬಿಡ್ತೀವಿ. ನಾನು ದಿನಾ ಬಿಲ್ಲು ವೋಚರು ನೋಡೋ ಗುಮಾಸ್ತ, ನನಗೆ ಆ ಪುಟಗಳೇ ಹೆಚ್ಚು ಹಿಡಿಸಿದ್ದು.

ಕಥೆ ಶುರುವಾಗೋದು ತಿಲಕ್ ಸ್ವರಾಜ್ ನಿಧಿಯಿಂದ. 1920ರ ಆಗಸ್ಟಿನಲ್ಲಿ ತಿಲಕರು ತೀರಿಕೊಂಡರು. ಅವರ ಹೆಸರಲ್ಲಿ ನಿಧಿ ಎತ್ತೋದು ಅಂತಾಯ್ತು. 1921ರ ಮಾರ್ಚ್ ಕೊನೆಗೆ ಬೆಜವಾಡದಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ಗುರಿ ಹಾಕಿಕೊಂಡಿತು: ಜೂನ್ 30ರ ಒಳಗೆ ಒಂದು ಕೋಟಿ ರೂಪಾಯಿ, ಒಂದು ಕೋಟಿ ಸದಸ್ಯರು, ಇಪ್ಪತ್ತು ಲಕ್ಷ ಚರಕ. ದುಡ್ಡಿನ ಗುರಿ ಮುಟ್ಟಿತು. ಅದರಲ್ಲಿ ಮುಂಬಯಿಯ ಪಾಲೇ ಎಲ್ಲಕ್ಕಿಂತ ದೊಡ್ಡದು. 1921, 22, 23 ಮೂರೂ ವರ್ಷ ಸೇರಿ ಬಂದದ್ದು ಸುಮಾರು 1 ಕೋಟಿ 30 ಲಕ್ಷ ಅಂತ ಬಾಬಾಸಾಹೇಬರು ಲೆಕ್ಕ ಕೊಡ್ತಾರೆ. ಆ ಕಾಲದ ಕೋಟಿ ಅದು. ಸಾಹುಕಾರರ ಚೆಕ್ಕೂ ಇತ್ತು, ಹೆಣ್ಣುಮಕ್ಕಳ ಬಳೆಯೂ ಇತ್ತು, ಕೂಲಿಯವರ ಕಾಸೂ ಇತ್ತು.

1922ರ ಫೆಬ್ರವರಿಯಲ್ಲಿ ಚೌರಿಚೌರಾ ಘಟನೆ ಆಗಿ, ಗಾಂಧೀಜಿ ಚಳವಳಿ ನಿಲ್ಲಿಸಿದರು. ಬಾರ್ಡೋಲಿಯಲ್ಲಿ ಕಾರ್ಯಕಾರಿ ಸಮಿತಿ ಕೂತು 'ರಚನಾತ್ಮಕ ಕಾರ್ಯಕ್ರಮ' ಅಂತ ಪಟ್ಟಿ ಮಾಡಿತು. ಖಾದಿ, ರಾಷ್ಟ್ರೀಯ ಶಾಲೆ, ಪಾನನಿಷೇಧ. ಅವುಗಳ ಜೊತೆ ಅಸ್ಪೃಶ್ಯರ ಏಳಿಗೆಯೂ ಒಂದು ಕಲಂ. ಅಂದರೆ ಆಫೀಸಿನ ಭಾಷೇಲಿ ಹೇಳಬೇಕಂದ್ರೆ ಲೆಕ್ಕ ಶೀರ್ಷಿಕೆ ತೆರೆದಾಯ್ತು. ಶೀರ್ಷಿಕೆ ತೆರೆಯೋದು ಸುಲಭ, ಅದರ ಕೆಳಗೆ ಅನುದಾನ ಬರಬೇಕಲ್ಲ.

ಜೂನ್‌ನಲ್ಲಿ ಲಖನೌದಲ್ಲಿ ಒಂದು ಉಪಸಮಿತಿ ಮಾಡಿದರು. ಸ್ವಾಮಿ ಶ್ರದ್ಧಾನಂದ, ಸರೋಜಿನಿ ನಾಯ್ಡು, ಇಂದುಲಾಲ್ ಯಾಜ್ಞಿಕ್, ಮತ್ತೆ ನಮ್ಮ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ. ಹೌದು, 'ಕರ್ನಾಟಕ ಸಿಂಹ' ಅಂತ ಪಠ್ಯಪುಸ್ತಕದಲ್ಲಿ ಓದಿದ್ದೀವಲ್ಲ, 1924ರ ಬೆಳಗಾವಿ ಕಾಂಗ್ರೆಸ್ಸಿನ ಸ್ವಾಗತ ಸಮಿತಿ ಅಧ್ಯಕ್ಷರು, ಅವರೇ. ಉಪಸಮಿತಿಯಲ್ಲಿ ಇದ್ದ ಅಸ್ಪೃಶ್ಯರು ಎಷ್ಟು ಜನ ಅಂತ ಎಣಿಸೋಕೆ ಹೋಗಬೇಡಿ, ಹೆಸರುಗಳನ್ನು ಮೇಲೆ ಬರೆದಿದ್ದೀನಿ.

ಕೆಲಸಕ್ಕೆ ಎರಡು ಲಕ್ಷ 'ಸಂಗ್ರಹಿಸತಕ್ಕದ್ದು' ಅಂತ ನಿರ್ಣಯ. ಆಮೇಲೆ ಕಾಗದದ ಮೇಲೆ ಅದನ್ನ ಐದು ಲಕ್ಷ ಮಾಡಿದರು. ಶ್ರದ್ಧಾನಂದರು ಆರ್ಯಸಮಾಜದ ಸನ್ಯಾಸಿ. ಶುದ್ಧಿ ಚಳವಳಿಯವರು, ಅವರ ಜೊತೆ ನಮಗೆ ಬೇಕಾದಷ್ಟು ತಕರಾರಿದೆ. ಆದರೆ ಈ ವಿಷಯದಲ್ಲಿ ಆ ಮನುಷ್ಯ ಪಟ್ಟು ಹಿಡಿದರು. ಸಂಗ್ರಹಿಸೋದು ಆಮೇಲೆ, ಈಗ ನಿಧಿಯಲ್ಲಿ ಇರೋ ದುಡ್ಡಿನಲ್ಲಿ ಒಂದು ಮೊತ್ತ ಕೈಗೆ ಕೊಡಿ ಅಂದರು. ಎಲ್ಲ ಬೇಡಿಕೆ ನೋಡಿಕೊಂಡು ಆದಷ್ಟು ಕೊಡ್ತೀವಿ ಅನ್ನೋ ಉತ್ತರ ಬಂತು. ಸರ್ಕಾರಿ ಆಫೀಸಿನಲ್ಲಿ 'ಅನುದಾನದ ಲಭ್ಯತೆ ಮೇರೆಗೆ' ಅಂತ ಷರಾ ಬರೀತಾರಲ್ಲ, ಅದರ ಮುತ್ತಾತ ಇದು. ಸ್ವಾಮಿಗಳು ರಾಜೀನಾಮೆ ಬರೆದರು.

ಜುಲೈನಲ್ಲಿ ಕಾರ್ಯಕಾರಿ ಸಮಿತಿ ಇನ್ನೊಂದು ನಿರ್ಣಯ ಮಾಡಿತು. ಸ್ವಾಮಿಗಳು ರಾಜೀನಾಮೆ ವಾಪಸ್ ತಗೋಬೇಕು ಅಂತ ವಿನಂತಿ, ಮತ್ತು ಸಂಚಾಲಕರಾದ ದೇಶಪಾಂಡೆಯವರಿಗೆ ಸಾದಿಲ್ವಾರು ಖರ್ಚಿಗೆ 500 ರೂಪಾಯಿ ಕಳಿಸತಕ್ಕದ್ದು. ಆ ಸಾಲು ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಐದು ಲಕ್ಷದ ಮಾತು ಆಡಿದವರ ಕೈಯಿಂದ ಹೊರಟದ್ದು ಪೆನ್ನು, ಪೇಪರು, ಅಂಚೆ ಚೀಟಿಗೆ ಅಂತ ಐನೂರು. 1923ರ ಮೇ ಹೊತ್ತಿಗೆ ಅದೂ ಸಾಕಾಯ್ತು. ಅಸ್ಪೃಶ್ಯತೆ ವಿಶೇಷವಾಗಿ ಹಿಂದೂಗಳ ಪ್ರಶ್ನೆ ಆದ್ದರಿಂದ ಹಿಂದೂ ಮಹಾಸಭಾ ಇದನ್ನು ಕೈಗೆತ್ತಿಕೊಳ್ಳಲಿ ಅಂತ ಕೇಳಿಕೊಂಡು ಕಾಂಗ್ರೆಸ್ ಕೈ ತೊಳೆದುಕೊಂಡಿತು. ಇದನ್ನ ಎರಡು ಸಲ ಓದಿ. ರಾಷ್ಟ್ರದ ಹೆಸರಲ್ಲಿ ಎತ್ತಿದ ನಿಧಿ, ಕೆಲಸ ವರ್ಗಾಯಿಸಿದ್ದು ಯಾರಿಗೆ ಅಂತ.

ಈಗ ಒಟ್ಟು ಲೆಕ್ಕ. ಬಾಬಾಸಾಹೇಬರು ಆ ವರ್ಷಗಳಲ್ಲಿ ಕಾಂಗ್ರೆಸ್ ಮಂಜೂರು ಮಾಡಿದ ಅನುದಾನಗಳನ್ನ ಒಂದೊಂದಾಗಿ ಜೋಡಿಸ್ತಾರೆ. ರಚನಾತ್ಮಕ ಕಾರ್ಯಕ್ರಮಕ್ಕೆ ಖರ್ಚಾದದ್ದು ನಲವತ್ತೊಂಬತ್ತೂವರೆ ಲಕ್ಷ. ಅದರಲ್ಲಿ ಅಸ್ಪೃಶ್ಯರ ಕೆಲಸಕ್ಕೆ ಹೋದದ್ದು 43,381 ರೂಪಾಯಿ. ಭಾಗಾಕಾರ ಮಾಡಿ ನೋಡಿದೆ. ನೂರು ರೂಪಾಯಿಗೆ ಹದಿನಾಲ್ಕಾಣೆ. ಒಂದು ರೂಪಾಯಿ ಕೂಡ ಪೂರ್ತಿ ಇಲ್ಲ. ಆಗ ನಮ್ಮವರು ಐದಾರು ಕೋಟಿ ಇದ್ದರು ಅಂತ ಇಟ್ಟುಕೊಂಡರೆ ತಲೆಗೆ ಒಂದು ಪೈ ಕೂಡ ಬರಲ್ಲ. ಆರೇಳು ಜನ ಸೇರಿ ಒಂದು ಪೈ ಹಂಚಿಕೊಳ್ಳಬೇಕು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಲೆಕ್ಕ ಬಾಬಾಸಾಹೇಬರ ಕೈಗೆ ಸಿಕ್ಕಿದ್ದೇ ಕಾಂಗ್ರೆಸ್ ಲೆಕ್ಕ ಇಟ್ಟಿದ್ದರಿಂದ. ಗಾಂಧೀಜಿ ಸಾರ್ವಜನಿಕ ಹಣದ ವಿಷಯದಲ್ಲಿ ಕಾಸಿಗೆ ಕಾಸು ರಸೀದಿ ಕೇಳುವ ಮನುಷ್ಯ, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಸ್ವರಾಜ್ ನಿಧಿ ನುಂಗಿದರು ಅಂತ ಆಗಲೂ ಬೇಕಾದಷ್ಟು ಜನ ಕೂಗಿದರು. ಬಾಬಾಸಾಹೇಬರು ಆ ಕೂಗನ್ನ ಹಿಡಿದುಕೊಂಡು ಹೋಗಿದ್ದರೆ ವಾದ ಅಲ್ಲೇ ಸಾಯ್ತಿತ್ತು, 'ತಗೊಳ್ಳಿ ಆಡಿಟ್ ವರದಿ' ಅಂದರೆ ಮುಗೀತು. ಅವರು ಕೇಳಿದ್ದು ಬೇರೆ. ದುಡ್ಡು ಸರಿಯಾಗೇ ಖರ್ಚಾಗಿದೆ, ಆಯ್ತಪ್ಪಾ, ಯಾವುದಕ್ಕೆ ಎಷ್ಟು ಅಂತ ತೀರ್ಮಾನ ಮಾಡಿದವರು ಯಾರು? ಈ ಪ್ರಶ್ನೆಗೆ ಯಾವ ಲೆಕ್ಕಪರಿಶೋಧಕನ ಸಹಿಯೂ ಉತ್ತರ ಆಗಲ್ಲ. ನಮ್ಮ ಗುಂಪಿನ ಜಗಳ ಎರಡು ವಾರ ಆದರೂ ಮುಗಿಯದೇ ಇರೋದು ಇದಕ್ಕೇ ಅಂತ ನನ್ನ ಅನಿಸಿಕೆ.

ಹತ್ತು ವರ್ಷ ಮುಂದಕ್ಕೆ ಬನ್ನಿ. 1932 ಸೆಪ್ಟೆಂಬರ್ 24, ಪೂನಾ ಒಪ್ಪಂದ. ಪ್ರತ್ಯೇಕ ಮತದಾನ ಹೋಯ್ತು. ಒಂದು ವಾರದೊಳಗೆ, ಸೆಪ್ಟೆಂಬರ್ 30ಕ್ಕೆ ಮುಂಬಯಿಯಲ್ಲಿ ಸಭೆ ಮಾಡಿ ಅಖಿಲ ಭಾರತ ಅಸ್ಪೃಶ್ಯತಾ ವಿರೋಧಿ ಲೀಗ್ ಕಟ್ಟಿದರು. ಜಿ.ಡಿ. ಬಿರ್ಲಾ ಅಧ್ಯಕ್ಷರು, ಎ.ವಿ. ಠಕ್ಕರ್ ಕಾರ್ಯದರ್ಶಿ. ಇದೇ ಸ್ವಲ್ಪ ದಿನಕ್ಕೆ ಹರಿಜನ ಸೇವಕ ಸಂಘ ಆಯ್ತು. ಶುರುವಿನಲ್ಲಿ ಕೇಂದ್ರ ಮಂಡಳಿಯಲ್ಲಿ ಬಾಬಾಸಾಹೇಬರು, ಎಂ.ಸಿ. ರಾಜಾ, ಆರ್. ಶ್ರೀನಿವಾಸನ್ ಮೂವರ ಹೆಸರೂ ಇತ್ತು.

ಮೂರನೇ ದುಂಡುಮೇಜಿನ ಪರಿಷತ್ತಿಗೆ ಹೊರಟ ಬಾಬಾಸಾಹೇಬರು 1932 ನವೆಂಬರ್ 14ರಂದು 'ವಿಕ್ಟೋರಿಯಾ' ಹಡಗಿನಿಂದ ಠಕ್ಕರ್ ಅವರಿಗೆ ಒಂದು ಕಾಗದ ಬರೆದರು. ನನ್ನ ಪ್ರಕಾರ ಚಂದಾ ಎತ್ತಿ ಕೆಲಸ ಮಾಡೋ ಯಾವುದೇ ಸಂಘಟನೆ ತನ್ನ ಆಫೀಸಿನ ಗೋಡೆಗೆ ಅಂಟಿಸಿಕೊಳ್ಳಬೇಕಾದ ಕಾಗದ ಅದು. ಸಾರ ಇಷ್ಟು. ದುಡ್ಡನ್ನ ಎರಡು ಥರ ಖರ್ಚು ಮಾಡಬಹುದು. ಒಂದು, ಅಸ್ಪೃಶ್ಯ ತನ್ನ ನಡತೆಯಿಂದ ಹಿಂದೆ ಉಳಿದಿದ್ದಾನೆ ಅಂದುಕೊಂಡು ಅವನಿಗೆ ಪಾನನಿಷೇಧ, ವ್ಯಾಯಾಮ, ಗ್ರಂಥಾಲಯ, ಶಾಲೆ ಅಂತ ಕೊಡೋದು. ಇನ್ನೊಂದು, ಅವನು ಬದುಕುವ ಪರಿಸರವೇ ಅವನನ್ನ ತುಳಿದಿದೆ ಅಂತ ಒಪ್ಪಿಕೊಂಡು ಆ ಪರಿಸರದ ಮೇಲೆ ಕೈ ಹಾಕೋದು. ನಮ್ಮ ಜಾತಿ ಇಡೀ ಮೇಲೆ ಏಳಬೇಕಾದರೆ ಎರಡನೇದೇ ದಾರಿ ಅಂದರು ಅವರು. ಅದಕ್ಕೆ ಮೊದಲ ಕೆಲಸ ನಾಗರಿಕ ಹಕ್ಕಿನ ಹೋರಾಟ: ಊರ ಬಾವಿ, ಊರ ಶಾಲೆ, ಊರ ಚಾವಡಿ, ಸಾರ್ವಜನಿಕ ವಾಹನ. ಇದರಿಂದ ಗಲಾಟೆ ಆಗುತ್ತೆ, ತಲೆ ಒಡೆಯುತ್ತೆ, ಕ್ರಿಮಿನಲ್ ಕೇಸು ಬೀಳುತ್ತೆ ಅಂತಲೂ ಮುಚ್ಚುಮರೆ ಇಲ್ಲದೆ ಬರೆದರು. ಮುಂಬಯಿ ಮಿಲ್ಲುಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನ ಸೇರಿಸಲ್ಲ, ಅದನ್ನ ತೆಗೆಸಿ ಅಂದರು. ಕಾಗದ ಹೋದ ಸಂಘದ ಅಧ್ಯಕ್ಷರೇ ಗಿರಣಿ ಮಾಲೀಕರು, ನೆನಪಿರಲಿ. ಮತ್ತೆ, ಈ ಕೆಲಸಕ್ಕೆ ಸಂಬಳದ ಆಳು ಬೇಡ, ಪ್ರೀತಿ ಇರೋರು ಬೇಕು, ಅಂಥವರು ಅಸ್ಪೃಶ್ಯರಲ್ಲೇ ಹೆಚ್ಚು ಸಿಗ್ತಾರೆ ಅಂದರು.

ಕಾಗದ ತಲುಪಿತು ಅಂತ ಒಂದು ಸಾಲಿನ ಉತ್ತರವೂ ಬರಲಿಲ್ಲ ಅಂತ ಅವರೇ ಬರೆದಿದ್ದಾರೆ. ಅಷ್ಟರಲ್ಲಿ ನವೆಂಬರ್ 3ಕ್ಕೇ ಬಿರ್ಲಾ ಮತ್ತು ಠಕ್ಕರ್ ಹೇಳಿಕೆ ಕೊಟ್ಟಾಗಿತ್ತು. ಜಾತಿನಾಶ, ಸಹಭೋಜನ ಇವೆಲ್ಲ ಲೀಗಿನ ವ್ಯಾಪ್ತಿಗೆ ಬರಲ್ಲ ಅಂತ. ಬಾಬಾಸಾಹೇಬರು ಸಂಘದಿಂದ ದೂರ ಆದರು.

ಆಮೇಲೆ ಅಸ್ಪೃಶ್ಯರ ನಿಯೋಗಗಳು ಗಾಂಧೀಜಿ ಹತ್ತಿರ ಹೋಗಿ, ನಮ್ಮ ಹೆಸರಿನ ಸಂಘದ ಆಡಳಿತದಲ್ಲಿ ನಮಗೆ ಜಾಗ ಕೊಡಿ ಅಂದಾಗ ಗಾಂಧೀಜಿ ಕೊಟ್ಟ ಉತ್ತರ ಈ ಇಡೀ ವಿವಾದದ ತಿರುಳು. ಅವರ ವಾದವನ್ನ ಅವರ ಕಡೆಯಿಂದಲೇ ಹೇಳ್ತೀನಿ. ಅಸ್ಪೃಶ್ಯತೆ ಸವರ್ಣರು ಮಾಡಿದ ಪಾಪ. ಸಂಘ ಆ ಪಾಪದ ಪ್ರಾಯಶ್ಚಿತ್ತ. ಸಾಲಗಾರರು ಅವರು, ತೀರಿಸಬೇಕಾದವರೂ ಅವರೇ. ದುಡ್ಡು ಕೊಟ್ಟವರೂ ಹಿಂದೂಗಳು. ಹಾಗಾಗಿ ನಡೆಸಬೇಕಾದವರೂ ಹಿಂದೂಗಳೇ. ನೀವು ಬೇಕಾದರೆ ಸಲಹಾ ಮಂಡಳಿ ಮಾಡಿಕೊಂಡು ಸಲಹೆ ಕೊಡಿ.

ಕೇಳೋಕೆ ವಿನಯವಾಗಿದೆ. ಆದರೆ ಇದನ್ನ ವ್ಯವಹಾರದ ಭಾಷೆಗೆ ಇಳಿಸಿ ನೋಡಿ. ಸಾಲ ತಗೊಂಡವನು, ಎಷ್ಟು ತೀರಿಸಬೇಕು, ಯಾವಾಗ, ಯಾವ ರೂಪದಲ್ಲಿ ಅನ್ನೋದನ್ನ ನಾನೇ ತೀರ್ಮಾನಿಸ್ತೀನಿ, ಸಾಲ ಕೊಟ್ಟವನು ಸಲಹೆ ಕೊಡಬಹುದು ಅಂದರೆ ಯಾವ ಊರಿನ ಪಂಚಾಯ್ತಿ ಒಪ್ಪುತ್ತೆ? ದುಡ್ಡು ಹಿಂದೂಗಳದ್ದು ಅನ್ನೋದಾದರೆ ಆ ಹಿಂದೂಗಳ ಹತ್ತಿರ ಯಾರ ಹೆಸರು ಹೇಳಿ ಬೇಡಿದ್ದು? ಕೊಟ್ಟವನು ದಾನಿ, ಬೇಡಿದ ಸಂಸ್ಥೆ ಮಧ್ಯವರ್ತಿ. ಯಾರ ನೋವು ತೋರಿಸಿ ಬೇಡಿದರೋ ಅವನು ಎಲ್ಲೂ ಇಲ್ಲ. ಇವತ್ತಿನ ಯಾವ ದೊಡ್ಡ ಸಂಸ್ಥೆಯ ಟ್ರಸ್ಟಿಗಳ ಪಟ್ಟಿ ತೆಗೆದರೂ ಈ ಪ್ರಶ್ನೆ ಹಾಗೇ ಕೂತಿರುತ್ತೆ.

1933ರ ನವೆಂಬರ್‌ನಿಂದ 1934ರ ಜುಲೈ ತನಕ ಗಾಂಧೀಜಿ ಹರಿಜನ ಪ್ರವಾಸ ಮಾಡಿದರು. ಹನ್ನೆರಡೂವರೆ ಸಾವಿರ ಮೈಲಿ, ಸುಮಾರು ಎಂಟು ಲಕ್ಷ ರೂಪಾಯಿ ಸಂಗ್ರಹ. ಮೈಸೂರು ಸೀಮೆಗೂ ಬಂದರು, ಕೊಡಗಿಗೂ ಬಂದರು, ಮಂಗಳೂರಿಗೂ ಬಂದರು. ಆ ದುಡ್ಡಿನಲ್ಲಿ ಹಾಸ್ಟೆಲ್ ಆಯ್ತು, ವಿದ್ಯಾರ್ಥಿವೇತನ ಕೊಟ್ಟರು, ಬಾವಿ ತೋಡಿದರು. ಅದರಲ್ಲಿ ಓದಿ ಬಂದ ನಮ್ಮ ಹಿರಿಯರಿದ್ದಾರೆ, ಅವರ ಅನ್ನವನ್ನ ನಾನು ಹಂಗಿಸಲ್ಲ. ಆದರೆ ಬಾವಿ ಅಂದೆನಲ್ಲ, ಅಲ್ಲೇ ನಿಲ್ಲಿ. ಊರ ಬಾವಿಗೆ ಬಿಡದೆ ಕೇರಿಗೆ ಬೇರೆ ಬಾವಿ ತೋಡಿಕೊಟ್ಟರೆ ನೀರು ಸಿಗುತ್ತೆ, ನಿಜ. ಊರ ಬಾವಿ ಊರಿನವರದ್ದಾಗೇ ಉಳಿಯುತ್ತೆ, ಇದೂ ನಿಜ. ದಾನಿ ದುಡ್ಡು ಎರಡನೇ ನಿಜಕ್ಕೆ ಬೇಲಿ ಹಾಕಿಕೊಟ್ಟಂಗಾಯ್ತು.

ಗುಜರಾತಿನ ಕವಿಠಾ ಗ್ರಾಮದ ವಿಷಯ ನೋಡಿ. 1935. ಅಹಮದಾಬಾದ್ ಜಿಲ್ಲೆ. ಸಾರ್ವಜನಿಕ ಶಾಲೆಗೆ ನಮ್ಮ ಮಕ್ಕಳನ್ನ ಸೇರಿಸಿ ಅಂತ ಕೇಳಿದ್ದಕ್ಕೆ ಹೊಡೆತ, ಬಹಿಷ್ಕಾರ, ಕುಡಿಯೋ ನೀರಿನ ಬಾವಿಗೆ ಸೀಮೆಎಣ್ಣೆ. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ, ಆ ಊರು ಬಿಟ್ಟು ಹೋಗೋದೇ ಒಳ್ಳೇದು ಅನ್ನೋ ಸಲಹೆಯನ್ನ ಬೆಂಬಲಿಸಿ ಬರೆದರು. ಬಾಬಾಸಾಹೇಬರ ಪ್ರಶ್ನೆ ನೇರ: ಸಂಘದ ಹತ್ತಿರ ದುಡ್ಡಿತ್ತು, ವಕೀಲರಿದ್ದರು, ಅಪರಾಧ ಮಾಡಿದವರ ಮೇಲೆ ಕೇಸು ನಡೆಸೋಕೆ ಯಾಕೆ ನೆರವು ಕೊಡಲಿಲ್ಲ? ವಿದ್ಯಾರ್ಥಿವೇತನಕ್ಕೆ ಶೀರ್ಷಿಕೆ ಇತ್ತು. ಮೊಕದ್ದಮೆಗೆ ಇರಲಿಲ್ಲ.

ಅದೇ ಕಾಲದಲ್ಲಿ ನಮ್ಮವರು ಒಂದು ಮೊಕದ್ದಮೆ ನಡೆಸ್ತಾ ಇದ್ದರು. ಮಹಾಡ್. 1927ರ ಮಾರ್ಚ್‌ನಲ್ಲಿ ಚವದಾರ್ ಕೆರೆ ನೀರು ಮುಟ್ಟಿದ್ದು ಎಲ್ಲರಿಗೂ ಗೊತ್ತು. ಡಿಸೆಂಬರ್‌ನಲ್ಲಿ ಸವರ್ಣರು ಕೋರ್ಟಿಗೆ ಹೋಗಿ, ಕೆರೆ ನಮ್ಮ ಖಾಸಗಿದು ಅಂತ ದಾವೆ ಹಾಕಿ ತಡೆಯಾಜ್ಞೆ ತಂದದ್ದು ಕಡಿಮೆ ಜನಕ್ಕೆ ಗೊತ್ತು. ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1937 ಮಾರ್ಚ್ 17ಕ್ಕೆ. ಸುಮಾರು ಹತ್ತು ವರ್ಷ. ಗೆದ್ದದ್ದು ಬಾಬಾಸಾಹೇಬರ ಕಡೆ. ಹತ್ತು ವರ್ಷ ಕೇಸು ನಡೆಸೋದು ಅಂದರೇನು ಅಂತ ದೌರ್ಜನ್ಯ ಕೇಸಿಗೆ ಓಡಾಡಿದ ಯಾರನ್ನ ಬೇಕಾದರೂ ಕೇಳಿ. ಪ್ರತಿ ವಾಯ್ದೆಗೂ ಕೂಲಿ ಹೋಗುತ್ತೆ, ಬಸ್ ಚಾರ್ಜ್ ಹೋಗುತ್ತೆ, ಸಾಕ್ಷಿ ಹೇಳೋನಿಗೆ ಊಟ ಹಾಕಿಸಬೇಕು. 1995ರ ದೌರ್ಜನ್ಯ ತಡೆ ನಿಯಮಗಳಲ್ಲಿ ಸಾಕ್ಷಿಗೆ ಪ್ರಯಾಣಭತ್ಯೆ, ದಿನಭತ್ಯೆ ಕೊಡಬೇಕು ಅಂತ ಬರೆದಿದೆ. ನಮ್ಮ ತಾಲ್ಲೂಕಿನಲ್ಲಿ ಅದನ್ನ ಪಡೆಯೋಕೆ ಇನ್ನೊಂದು ಅರ್ಜಿ, ಇನ್ನೊಂದು ಓಡಾಟ.

ಕಾನೂನು ಯಾವ ಕಡೆ ಇತ್ತು ಅಂತಲೂ ನೋಡಬೇಕು. 1922ರ ಆದಾಯ ತೆರಿಗೆ ಕಾಯ್ದೆಯಲ್ಲಿ ಧರ್ಮಕಾರ್ಯ ಅಂದರೆ ಬಡವರಿಗೆ ನೆರವು, ವಿದ್ಯೆ, ವೈದ್ಯ, ಮತ್ತೆ ಇತರ ಸಾರ್ವಜನಿಕ ಉಪಯೋಗದ ಉದ್ದೇಶ. ಗಾಂಧೀಜಿ ಕಟ್ಟಿದ ಅಖಿಲ ಭಾರತ ನೂಲುವವರ ಸಂಘಕ್ಕೆ ತೆರಿಗೆ ವಿನಾಯಿತಿ ಬೇಕು ಅನ್ನೋ ಕೇಸು ಪ್ರಿವಿ ಕೌನ್ಸಿಲ್ ತನಕ ಹೋಗಿ, 1944ರಲ್ಲಿ, ಇದು ರಾಜಕೀಯ ಅಲ್ಲ, ಬಡವರ ನೆರವು, ಧರ್ಮಕಾರ್ಯವೇ ಅಂತ ತೀರ್ಪಾಯ್ತು. ಸರಿಯಾದ ತೀರ್ಪೇ ಇರಬಹುದು. ಆದರೆ ನೂಲು ಕೊಟ್ಟರೆ ಧರ್ಮ ಅಂತ ಕಾನೂನಿಗೆ ಸುಲಭವಾಗಿ ಅರ್ಥ ಆಗುತ್ತೆ. ಕೆರೆ ನಮ್ಮದೂ ಹೌದು ಅಂತ ಹೋಗಿ ನಿಂತರೆ ಅದು ಯಾವ ಶೀರ್ಷಿಕೆ?

ಈಗಿನ ಕಾನೂನು ಈ ಗೆರೆಯನ್ನ ಇನ್ನೂ ದಪ್ಪ ಮಾಡಿದೆ. ವಿದೇಶಿ ದೇಣಿಗೆಯ ಮೊದಲ ಕಾಯ್ದೆ 1976ರದ್ದು, ತುರ್ತುಪರಿಸ್ಥಿತಿಯ ಕೂಸು. 2010ರಲ್ಲಿ ಹೊಸ ಕಾಯ್ದೆ ಬಂತು, ಆಡಳಿತ ವೆಚ್ಚ ಶೇ. 50 ದಾಟಬಾರದು ಅಂತಿತ್ತು. 2020ರಲ್ಲಿ ಅದನ್ನ ಶೇ. 20ಕ್ಕೆ ಇಳಿಸಿದರು. ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ದೇಣಿಗೆ ವರ್ಗಾಯಿಸೋದನ್ನೇ ನಿಷೇಧಿಸಿದರು. ದಿಲ್ಲಿಯ ದೊಡ್ಡ ಸಂಸ್ಥೆಯಿಂದ ತಾಲ್ಲೂಕಿನ ಸಣ್ಣ ಸಂಘಟನೆಗೆ ಬರ್ತಿದ್ದ ದಾರಿ ಅಲ್ಲಿಗೆ ಬಂದ್. 2022ರ ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನ ಎತ್ತಿಹಿಡೀತು.

'ಆಡಳಿತ ವೆಚ್ಚ ಕಮ್ಮಿ ಮಾಡಿದರೆ ಒಳ್ಳೇದಲ್ವಾ ಅಣ್ಣಾ, ತಿನ್ನೋದು ತಪ್ಪುತ್ತೆ' ಅಂತ ನಮ್ಮ ಹುಡುಗರೇ ಹೇಳ್ತಾರೆ. ನಿಯಮ 5 ಓದಿ. ಆಸ್ಪತ್ರೆಯ ಡಾಕ್ಟರ ಸಂಬಳ, ಶಾಲೆಯ ಮೇಷ್ಟರ ಸಂಬಳ ಆಡಳಿತ ವೆಚ್ಚ ಅಲ್ಲ, ಅದು ಸೇವೆ. ವಕೀಲರ ಫೀಜು ಮಾತ್ರ ಆಡಳಿತ ವೆಚ್ಚ. ಅಂದರೆ ದೌರ್ಜನ್ಯಕ್ಕೆ ಒಳಗಾದವನ ಗಾಯಕ್ಕೆ ಪಟ್ಟಿ ಕಟ್ಟಿದರೆ ಸೇವೆ. ಅವನ ಕೇಸು ನಡೆಸಿದರೆ ಕರೆಂಟ್ ಬಿಲ್ಲು, ಬಾಡಿಗೆ, ಸ್ಟೇಷನರಿ ಜೊತೆ ಒಂದೇ ಸಾಲಿಗೆ. ಹಡಗಿನಿಂದ ಬರೆದ ಕಾಗದದ ಎರಡು ದಾರಿಗಳಲ್ಲಿ ಸರ್ಕಾರ ಯಾವುದನ್ನ ಆರಿಸಿಕೊಂಡಿದೆ ಅಂತ ಒಂದು ನಿಯಮದಲ್ಲಿ ಬರೆದಿಟ್ಟಿದ್ದಾರೆ.

ಗುಜರಾತಿನ ನವಸರ್ಜನ್ ಟ್ರಸ್ಟ್, ಮಾರ್ಟಿನ್ ಮಕ್ವಾನ್ ಕಟ್ಟಿದ್ದು, ಮಲ ಹೊರುವ ಪದ್ಧತಿ ವಿರುದ್ಧ, ದೌರ್ಜನ್ಯ ಕೇಸುಗಳಲ್ಲಿ ದಶಕಗಳ ಕೆಲಸ. 2016ರ ಡಿಸೆಂಬರ್‌ನಲ್ಲಿ ಅದರ ವಿದೇಶಿ ದೇಣಿಗೆ ನೋಂದಣಿ ರದ್ದಾಯ್ತು. ಅದೇ 2016ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ಕೆಲಸ ಆಯ್ತು. ಕಾಂಗ್ರೆಸ್, ಬಿಜೆಪಿ ಎರಡೂ ವಿದೇಶಿ ಕಂಪನಿ ಮೂಲದ ದೇಣಿಗೆ ತಗೊಂಡು ಕಾಯ್ದೆ ಮುರಿದಿವೆ ಅಂತ ದಿಲ್ಲಿ ಹೈಕೋರ್ಟ್ 2014ರಲ್ಲಿ ಹೇಳಿತ್ತು. 'ವಿದೇಶಿ ಮೂಲ' ಅನ್ನೋ ಪದದ ಅರ್ಥವನ್ನೇ ಹಿಂದಿನ ದಿನಾಂಕದಿಂದ ತಿದ್ದಿದರು. ಅದು ಸಾಲದೆ 2018ರಲ್ಲಿ 1976ರ ತನಕ ಹಿಂದಕ್ಕೆ ಒಯ್ದರು. ಪಕ್ಷಗಳಿಗಾದರೆ ನಲವತ್ತೆರಡು ವರ್ಷ ಹಿಂದಿನ ತಪ್ಪೂ ತೊಳೆದುಹೋಗುತ್ತೆ.

ಇಷ್ಟೆಲ್ಲ ಹೇಳಿದೆ ಅಂತ, ಸರ್ಕಾರ ಹಿಂಸೆ ಕೊಡ್ತಿದೆ ಆದ್ದರಿಂದ ಎನ್‌ಜಿಒಗಳನ್ನ ಪ್ರಶ್ನೆ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಸರ್ಕಾರದ ನೋಟಿಸು ಬಂದ ತಕ್ಷಣ ಸಂಸ್ಥೆ ಪವಿತ್ರ ಆಗಿಬಿಡಲ್ಲ. ಹೋಟೆಲ್ ಬಿಲ್ಲು ತೋರಿಸಿ ಕೇಳಿದ ಗೆಳೆಯರ ಸಿಟ್ಟು ನ್ಯಾಯವಾದದ್ದು. ಆದರೆ 'ತಿಂದರು' ಅಂತ ಕೇಳಿದರೆ ರಸೀದಿ ತೋರಿಸ್ತಾರೆ. ಟ್ರಸ್ಟಿನಲ್ಲಿ ನಮ್ಮವರು ಎಷ್ಟು ಜನ ಸಹಿ ಅಧಿಕಾರ ಇಟ್ಟುಕೊಂಡಿದ್ದಾರೆ, ಕೇಸಿಗೆ ಎಷ್ಟು ಕೊಟ್ಟಿರಿ, ಕಾರ್ಯಾಗಾರಕ್ಕೆ ಎಷ್ಟು, ಇದನ್ನ ತೀರ್ಮಾನಿಸಿದ ಸಭೆಯಲ್ಲಿ ಕೇರಿಯಿಂದ ಯಾರಿದ್ದರು ಅಂತ ಕೇಳಿ. ಆಗ ರಸೀದಿ ಕೆಲಸಕ್ಕೆ ಬರಲ್ಲ. (ಉಪಯೋಜನೆ ದುಡ್ಡಿನ ವಿಷಯವೂ ಇದೇ. 2013ರ ನಮ್ಮ ರಾಜ್ಯದ ಕಾಯ್ದೆಯಲ್ಲಿ 7(ಡಿ) ಅಂತ ಒಂದು ಕಿಂಡಿ ಇಟ್ಟು, ರಸ್ತೆ ಸೇತುವೆಗೆ ಹೋದದ್ದನ್ನೂ ನಮ್ಮ ಖರ್ಚು ಅಂತ ಬರೆದುಕೊಂಡರು. 2023ರಲ್ಲಿ ತೆಗೆದರು, ಹತ್ತು ವರ್ಷ ಆದಮೇಲೆ. ಅದರ ಬಗ್ಗೆ ಬೇರೆ ಬರೀತೀನಿ.)

ನಮ್ಮ ಜಯಂತಿ ಸಮಿತಿಗಳಿಗೂ ಇದೇ ಪ್ರಶ್ನೆ ಹಾಕಬೇಕಾಗುತ್ತೆ. ಏಪ್ರಿಲ್ ಹದಿನಾಲ್ಕಕ್ಕೆ ಬೀದಿ ಬೀದಿ ತಿರುಗಿ ರಸೀದಿ ಹರೀತೀವಿ. ಕೂಲಿ ಮಾಡೋ ಅಕ್ಕಂದಿರು ಸೆರಗಿನ ಗಂಟು ಬಿಚ್ಚಿ ಐವತ್ತು ಕೊಡ್ತಾರೆ. ಶಾಮಿಯಾನ, ಡಿಜೆ, ಫ್ಲೆಕ್ಸು, ಊಟ. ಲೆಕ್ಕ ಸರಿಯಾಗಿರುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆ ಅಕ್ಕನ್ನ ಕೇಳಿ ಡಿಜೆ ತರಿಸಿದ್ದಾ ಅನ್ನೋದು ಮಾತ್ರ ಗೊತ್ತಿಲ್ಲ. ನಮ್ಮ ತಾಲ್ಲೂಕಿನಲ್ಲಿ ಈಗ ನಡೀತಿರೋ ಎರಡು ದೌರ್ಜನ್ಯ ಕೇಸಿನ ಸಾಕ್ಷಿಗಳ ಓಡಾಟದ ಖರ್ಚಿಗೆ ಈ ಸಲದ ಚಂದಾದಲ್ಲಿ ಮೊದಲೇ ಒಂದು ಭಾಗ ತೆಗೆದಿಡಬೇಕು ಅಂತ ಸಮಿತಿ ಮುಂದೆ ಇಟ್ಟಿದ್ದೀನಿ. ಇನ್ನೂ ತೀರ್ಮಾನ ಆಗಿಲ್ಲ, ಹುಡುಗರು ಮುನಿಸಿಕೊಂಡಿದ್ದಾರೆ. ಭಾನುವಾರ ಸಂಜೆ ಐದಕ್ಕೆ ಮತ್ತೆ ಸಭೆ ಇದೆ. ನಿಮ್ಮ ಊರಿನ ಸಮಿತಿ ಲೆಕ್ಕವನ್ನ ಶೀರ್ಷಿಕೆವಾರು ಕಾಮೆಂಟಿನಲ್ಲಿ ಹಾಕಿ, ಸಭೆಗೆ ತಗೊಂಡು ಹೋಗ್ತೀನಿ.